ಭಾನುವಾರ ಒಂದೊಂದು ಹಳೇ ಸಾಮಾನು ತನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 4ಕ್ಕೆ ಹಾಸನದ ನಮ್ಮ ಮನೆ ಜಗಲೀಲಿ ಸೇರೋಣ. ಬರುವಾಗ ಕೈಯಲ್ಲೇ ಮಾಡಿದ ಒಂದು ಸಾಮಾನು ತನ್ನಿ. ಈಳಿಗೆ ಮಣೆ, ಮರಿಗೆ, ಶಾವಿಗೆ ಒರಳು, ಏನಾದ್ರೂ ಸರಿ.

ನಾನು ಅಜ್ಜಿಯ ಮೊರ ಇಡ್ತೀನಿ. ತೆಳ್ಳಗೆ ಸೀಳಿದ ಬಿದಿರು, ಅಂಚಿಗೆ ದಪ್ಪ ದಬ್ಬೆ, ಸಂದು ಮುಚ್ಚೋಕೆ ಮೆಂತ್ಯ-ಕಾಗದ ಅರೆದು ಬಳಿದಿದ್ದಾರೆ. ರಾಗಿ ಕೇರಿದ್ರೆ ಕಾಳು ಹಿಂದೆ ಉಳಿಯುತ್ತೆ, ಹೊಟ್ಟು ಮುಂದೆ ಹಾರುತ್ತೆ. ಆ ಇಳಿಜಾರು ಬಿದಿರು ಹೆಣೆಯೋ ಮೇದಾರರ ಕೈಲೆಕ್ಕ! 1117ರ ಬೇಲೂರು ದೇವಸ್ಥಾನ 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದಾಗ ಎಷ್ಟು ಹಿಗ್ಗಿದ್ವಿ. ಈ ಹೆಣಿಗೆ ನೋಡಿದಾಗಲೂ ನನಗೆ ಅದೇ ಹಿಗ್ಗು.

ನಮ್ಮನೆ ತಾಮ್ರದ ಹಂಡೆಯನ್ನ ಗುಜರಿಗೆ ತೂಕಕ್ಕೆ ಹಾಕಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ದಯವಿಟ್ಟು ನೀವು ಹಾಕಬೇಡಿ. ಮಾಡಿದವರು ಯಾವ ಊರಿನವರು ಅಂತ ಮನೆ ಹಿರಿಯರನ್ನ ಕೇಳಿ, ಚೀಟೀಲಿ ಬರೆದು ತನ್ನಿ.