ಗೋಡೆಗೆ ಅಂಟಿಸಿದ ಮಾತು ಮನಸ್ಸಿಗೂ ಅಂಟಬೇಕಲ್ವಾ?

ಮಾನ್ಯ ಸಂಪಾದಕರೇ,

ಪರೀಕ್ಷೆ ಹತ್ತಿರ ಬಂತು ಅಂದರೆ ಸಾಕು, ಪತ್ರಿಕೆಯಲ್ಲೂ ಮೊಬೈಲಿನಲ್ಲೂ ಒಂದೇ ಉಪದೇಶ. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ‘ನಾನು ಬುದ್ಧಿವಂತ, ನನಗೆಲ್ಲ ಬರುತ್ತೆ, ನಾನೇ ಫಸ್ಟ್’ ಅಂತ ಹೇಳಿಕೊಳ್ಳಿ, ಓದಿದ್ದೆಲ್ಲ ತಲೆಗೆ ಹತ್ತುತ್ತೆ! ಇದಕ್ಕೆ ಅಫರ್ಮೇಶನ್ ಅನ್ನುತ್ತಾರೆ. ತಮಾಷೆ ಮಾಡೋಕೆ ಬರೆಯುತ್ತಿಲ್ಲ. ನಮ್ಮ ಮನೆಯಲ್ಲೂ ಇದು ನಡೆದಿದೆ, ನಡೆಸಿದವಳು ನಾನೇ.

ಹೈಸ್ಕೂಲಿನಲ್ಲಿರುವ ಮಗಳಿಗೆ ಗಣಿತ ಅಂದರೆ ಹೊಟ್ಟೆಯಲ್ಲಿ ಸಂಕಟ. ಹಳದಿ ಚೀಟಿ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ನನಗೆ ಗಣಿತ ಸುಲಭ’ ಅಂತ ಅವಳ ಕೈಯಲ್ಲೇ ಬರೆಸಿ ಮೇಜಿನ ಎದುರು ಅಂಟಿಸಿದೆ. ದಿನಾ ಹತ್ತು ಸಲ ಹೇಳಬೇಕು ಅಂತ ಕಟ್ಟಪ್ಪಣೆ. ಮೊದಲ ದಿನ ಜೋರಾಗಿ ಹೇಳಿದಳು. ನಾಲ್ಕನೇ ದಿನಕ್ಕೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ವಾರ ಕಳೆಯುವಷ್ಟರಲ್ಲಿ ‘ಅಮ್ಮಾ, ಇದನ್ನ ಹೇಳಿದಾಗಲೆಲ್ಲ ಸುಳ್ಳು ಹೇಳ್ತಿದೀನಿ ಅನ್ಸುತ್ತೆ, ಅಷ್ಟು ಸುಲಭ ಆಗಿದ್ರೆ ನಂಗೊಬ್ಬಳಿಗೆ ಯಾಕೆ ಬರ್ತಿಲ್ಲ?’ ಅಂದಳು. ನಾನು ಸುಮ್ನೆ ಅಡುಗೆಮನೆಗೆ ಹೋದೆ. ಇನ್ನೇನು ಹೇಳಲಿ?

ಆಮೇಲೆ ಈ ಬಗ್ಗೆ ಹುಡುಕಿ ಓದಿದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೊಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಗಂಟೆ ಸದ್ದಾದಾಗಲೆಲ್ಲ ‘ನಾನು ಪ್ರೀತಿಗೆ ಅರ್ಹ’ ಅನ್ನುವ ಅರ್ಥದ ಮಾತನ್ನು ಹೇಳಿಕೊಳ್ಳಿ ಅಂತ ಕೆಲವರಿಗೆ ಹೇಳಿದ್ದರು. ತಮ್ಮ ಬಗ್ಗೆ ಮೊದಲೇ ಒಳ್ಳೆ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಹಿತ ಅನ್ನಿಸಿತು. ಇಲ್ಲದವರಿಗೆ ಮನಸ್ಸು ಇನ್ನಷ್ಟು ಕುಗ್ಗಿತು. ಅಂದರೆ ಈ ಔಷಧ ಯಾರಿಗೆ ಬೇಕೋ ಅವರಿಗೇ ಒಗ್ಗುತ್ತಿಲ್ಲ! ನನ್ನ ಮಗಳು ಹೇಳಿದ್ದೂ ಅದನ್ನೇ ಅಲ್ವಾ?

ಇದು ಇವತ್ತಿನ ಮೊಬೈಲ್ ಕಾಲದ ಗೀಳೇನೂ ಅಲ್ಲ. ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಎಮಿಲ್ ಕುವೆ ಅನ್ನುವ ಔಷಧ ವ್ಯಾಪಾರಿ, ‘ದಿನದಿಂದ ದಿನಕ್ಕೆ ನಾನು ಎಲ್ಲದರಲ್ಲೂ ಸುಧಾರಿಸುತ್ತಿದ್ದೇನೆ’ ಅಂತ ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಮಲಗುವ ಮುಂಚೆ ಇಪ್ಪತ್ತಿಪ್ಪತ್ತು ಸಲ ಹೇಳಿಸುತ್ತಿದ್ದ. ಲೆಕ್ಕ ತಪ್ಪದಿರಲಿ ಅಂತ ಇಪ್ಪತ್ತು ಗಂಟು ಹಾಕಿದ ದಾರ ಬೇರೆ. ನನಗೆ ದಾರಕ್ಕಿಂತ ಆ ವಾಕ್ಯ ಹಿಡಿಸಿತು. ‘ಸುಧಾರಿಸಿದ್ದೇನೆ’ ಅಂತ ಇಲ್ಲ, ‘ಸುಧಾರಿಸುತ್ತಿದ್ದೇನೆ’ ಅಂತ ಇದೆ ನೋಡಿ. ಮನಸ್ಸು ಅದಕ್ಕೆ ಅಷ್ಟಾಗಿ ಜಗಳಕ್ಕೆ ಬರಲ್ಲ.

ನಮ್ಮ ಭಾಷೆಯಲ್ಲೇ ಇದಕ್ಕೊಂದು ದಾರಿ ಇದೆ. ಕನ್ನಡದಲ್ಲಿ ವಿದ್ಯೆ ‘ಬರುತ್ತೆ’. ಈಜು ಬರುತ್ತೆ, ಲೆಕ್ಕ ಬರುತ್ತೆ. ‘ನಂಗೆ ಲೆಕ್ಕ ಬರಲ್ಲ’ ಅಂದುಬಿಟ್ಟರೆ ಇವತ್ತೂ ಬರಲ್ಲ, ನಾಳೆಯೂ ಬರಲ್ಲ, ಬಾಗಿಲು ಮುಚ್ಚಿತು. ‘ಇನ್ನೂ ಬಂದಿಲ್ಲ’ ಅನ್ನಿ, ಬಸ್ಸಿಗೆ ಕಾದ ಹಾಗೆ ಕಾಯಬಹುದು. ಇದರಲ್ಲಿ ಸುಳ್ಳೂ ಇಲ್ಲ. ಅವಳಿಗೆ ಇದನ್ನು ಹೇಳಿದ್ದಕ್ಕೆ ‘ಬಸ್ಸು ಕ್ಯಾನ್ಸಲ್ ಆಗಿರಬಹುದು’ ಅಂದಳು. ಅಂದರೂ ಹಳದಿ ಚೀಟಿ ಕಿತ್ತು ಹೊಸದು ಬರೆದಳು: ‘ವರ್ಗ ಸಮೀಕರಣ ಇನ್ನೂ ಬಂದಿಲ್ಲ. ಮೊದಲ ಸಾಲು ಬರೆಯೋಕೆ ಬರುತ್ತೆ.’ ಅದರ ಕೆಳಗೆ ‘ತಟ್ಟೆ ತೊಳೆದಿಟ್ಟ ಕೂಡಲೇ ಎರಡು ಲೆಕ್ಕ’. ಇದಕ್ಕೆ ಅಫರ್ಮೇಶನ್ ಅನ್ನಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ಇದನ್ನು ಓದಿದ ಮೇಲೆ ಕೈ ಪೆನ್ನಿನ ಕಡೆ ಹೋಗುತ್ತೆ. ‘ನಾನೇ ಫಸ್ಟ್’ ಅಂತ ಓದಿದರೆ ಕೈಗೆ ಏನೂ ಕೆಲಸ ಇಲ್ಲ.

ಇನ್ನೊಂದು ಮಾತು. ಧೈರ್ಯ ಜಾಸ್ತಿಯಾದರೆ ನೆನಪೂ ಜಾಸ್ತಿ ಆಗುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ನೋಡದೆ ನೆನಪಿದ್ದದ್ದನ್ನು ಬರೆಯಿತು. ‘ನಮಗೆ ಚೆನ್ನಾಗಿ ನೆನಪಿರುತ್ತೆ’ ಅನ್ನುವ ನಂಬಿಕೆ ಜಾಸ್ತಿ ಇದ್ದದ್ದು ಓದಿ ಓದಿ ಇಟ್ಟವರಿಗೆ. ವಾರದ ನಂತರ ಅವರಿಗೆ ನೆನಪಿದ್ದದ್ದು ಸುಮಾರು ಶೇ 40, ನೋಡದೆ ಬರೆದವರಿಗೆ ಶೇ 61. ಹಾಗಾಗಿ ಕನ್ನಡಿ ಮುಂದೆ ನಿಲ್ಲುವ ಐದು ನಿಮಿಷ ಇದ್ದರೆ ನಿನ್ನೆಯ ಪಾಠವನ್ನು ಕನ್ನಡಿಗೇ ಹೇಳಿ ಒಪ್ಪಿಸಲಿ ಅಂತ ನನ್ನ ಅಭಿಪ್ರಾಯ. ಅರ್ಧ ಹೇಳೋಕೆ ಬಂದರೂ ಸಿಗುವ ಧೈರ್ಯ ಸಾಲದ್ದಲ್ಲ, ಸ್ವಂತದ್ದು.

ಹೆದರಿಕೆ ಆದಾಗ ‘ನನಗೆ ಭಯವೇ ಇಲ್ಲ’ ಅಂತ ಹೇಳಿಸುವುದನ್ನೂ ಬಿಟ್ಟಿದ್ದೇನೆ. ಪರೀಕ್ಷೆಗೆ ಸ್ವಲ್ಪ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನೇ ಹಾಳೆಯಲ್ಲಿ ಬರೆದಿಟ್ಟ ಮಕ್ಕಳು, ಅದರಲ್ಲೂ ಜಾಸ್ತಿ ಹೆದರುವವರು, ಚೆನ್ನಾಗಿ ಬರೆದರು ಅಂತ 2011ರ ಇನ್ನೊಂದು ಅಧ್ಯಯನ ಹೇಳುತ್ತೆ. ಮಗಳು ಒಂದು ಸಲ ಬರೆದಳು, ಓದಲು ನನಗೆ ಕೊಡಲಿಲ್ಲ, ಹರಿದು ಹಾಕಿದಳು. ಹರಿಯಲಿ ಬಿಡಿ.

ಅಂಕ ಎಷ್ಟು ಬಂತು ಅಂತ ಕೇಳಬೇಡಿ, ದೊಡ್ಡ ಪವಾಡ ಏನೂ ಆಗಿಲ್ಲ. ಲೆಕ್ಕದ ಪುಸ್ತಕ ತೆಗೆಯುವಾಗ ಮುಖ ಮೊದಲಿನಷ್ಟು ಬಾಡಲ್ಲ, ಅಷ್ಟೇ.

ನಿಮ್ಮಲ್ಲಿ ಒಂದು ಕೋರಿಕೆ. ಪರೀಕ್ಷೆ ಸಮಯದಲ್ಲಿ ದಿನಕ್ಕೊಂದು ಆತ್ಮವಿಶ್ವಾಸದ ಮಾತನ್ನು ಬಾಕ್ಸಿನಲ್ಲಿ ಹಾಕುತ್ತೀರಲ್ಲ, ಹಾಕಿ, ಬೇಡ ಅನ್ನಲ್ಲ. ಅದರ ಕೆಳಗೇ ಒಂದು ಸಣ್ಣ ಲೆಕ್ಕವನ್ನೋ ಪ್ರಶ್ನೆಯನ್ನೋ ಕೊಟ್ಟು, ಉತ್ತರ ಬರೆಯೋಕೆ ನಾಲ್ಕು ಸಾಲಿನ ಜಾಗ ಖಾಲಿ ಬಿಡಿ.

ಇಂತಿ,
ಒಬ್ಬ ಓದುಗಿ