ಚಿತ್ರದ ಕೆಳಗಿನ ಎರಡು ಹೆಸರುಗಳು

ಚಿ. ಸೌ. ಮಗಳಿಗೆ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನೀನೂ ಅಳಿಯಂದಿರೂ ಈಗಿರುವ ಕೆಲಸಗಳನ್ನು ಬಿಟ್ಟು, ಭಾವಚಿತ್ರಗಳನ್ನು ಕಲಾಕೃತಿಗಳಾಗಿ ತೆಗೆಯುವುದನ್ನೇ ಜೀವನೋಪಾಯ ಮಾಡಿಕೊಳ್ಳಲು ನಿಶ್ಚಯಿಸಿರುವುದನ್ನು ಓದಿ ಸಂತೋಷವೂ ಆಯಿತು, ಸ್ವಲ್ಪ ದಿಗಿಲೂ ಆಯಿತು. ಯಾವ ಕ್ಯಾಮೆರಾ ಕೊಳ್ಳಬೇಕು, ಯಾವ ಲೆನ್ಸ್ ಒಳ್ಳೆಯದು ಎಂದು ಕೇಳಿದ್ದೀಯೆ. ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಬರೆಯುತ್ತೇನೆ, ಏಕೆಂದರೆ ಅದು ನಾಲ್ಕು ಸಾಲಿನ ಮಾತು. ನೀನು ಕೇಳದೆ ಬಿಟ್ಟಿರುವ ಪ್ರಶ್ನೆಯೇ ದೊಡ್ಡದು: ಇಬ್ಬರೂ ಸೇರಿ ಮಾಡಿದ ಚಿತ್ರದ ಕೆಳಗೆ ಯಾರ ಹೆಸರು ಇರಬೇಕು?

ನಮ್ಮ ಸ್ಟುಡಿಯೋದಲ್ಲಿ ಶಟರ್ ಒತ್ತುತ್ತಿದ್ದವರು ನಿನ್ನ ಚಿಕ್ಕಪ್ಪ. ಬಂದವರನ್ನು ಕೂರಿಸಿ ಮಾತನಾಡಿಸುವುದು, ಕಿಟಕಿಯ ಬೆಳಕನ್ನು ಪರದೆಯಿಂದ ತಗ್ಗಿಸುವುದು, ನೆರಳು ಬಿದ್ದ ಕೆನ್ನೆಗೆ ಬಿಳಿಯ ಹಲಗೆಯಿಂದ ಬೆಳಕು ಹಾಯಿಸುವುದು, ರಾತ್ರಿ ಕತ್ತಲೆಕೋಣೆಯಲ್ಲಿ ನಿಂತು ಪ್ರಿಂಟ್ ತೆಗೆಯುವುದು, ಇವೆಲ್ಲ ನನ್ನ ಪಾಲಿನವು. ಮೊದಲ ಪ್ರದರ್ಶನದ ಆಮಂತ್ರಣದಲ್ಲಿ ಅವರ ಹೆಸರೊಂದೇ ಅಚ್ಚಾಯಿತು. ಅವರಿಗೆ ಅದು ತಪ್ಪೆನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅನಿಸಲಿಲ್ಲ, ಮನೆಯ ಹೆಸರೇ ತಾನೇ ಎಂದುಕೊಂಡೆ. ಹನ್ನೊಂದು ವರ್ಷಗಳ ಮೇಲೆ ನನ್ನ ಹೆಸರನ್ನೂ ಸೇರಿಸಿರೆಂದು ಕೇಳಿದಾಗ, ಕೊಳ್ಳುವವರಿಗೆ ಪರಿಚಯವಾಗಿರುವ ಹೆಸರನ್ನು ಈಗ ಬದಲಿಸಿದರೆ ಹಳೆಯ ಪ್ರಿಂಟ್‌ಗಳ ಬಗ್ಗೆಯೇ ಅನುಮಾನ ಹುಟ್ಟುತ್ತದೆ ಎಂದು ಗ್ಯಾಲರಿಯವರು ಹೇಳಿದರು. ಅವರ ಮಾತಿನಲ್ಲಿ ವ್ಯವಹಾರದ ನ್ಯಾಯವಿತ್ತು, ಅದಕ್ಕೇ ಹೆಚ್ಚು ನೋವಾಯಿತು. ಅಂದಿನಿಂದ ನಿನ್ನ ಚಿಕ್ಕಪ್ಪ ಪ್ರತಿ ಪ್ರಿಂಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ನನ್ನ ಹೆಸರು ಬರೆಯತೊಡಗಿದರು. ಚೌಕಟ್ಟು ಹಾಕಿದ ಮೇಲೆ ಹಿಂಬದಿಯನ್ನು ನೋಡುವವರು ಯಾರು?

ಇದು ನನ್ನೊಬ್ಬಳ ಕಥೆಯಲ್ಲ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಖ್ಯಾತರಾದ ಹೋಮೈ ವ್ಯಾರಾವಾಲಾ ಅವರ ಆರಂಭದ ಚಿತ್ರಗಳು ಅಚ್ಚಾದದ್ದು ಅವರ ಪತಿ ಮಾಣೆಕ್‌ಷಾ ಅವರ ಹೆಸರಿನಲ್ಲಿ. ಅಮೆರಿಕದ ಎಡ್ವರ್ಡ್ ವೆಸ್ಟನ್ 1937ರಲ್ಲಿ, ಕಲಾವಿದರಿಗೂ ವಿದ್ವಾಂಸರಿಗೂ ಧನಸಹಾಯ ನೀಡುವ ಗುಗೆನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಛಾಯಾಗ್ರಾಹಕರಾದರು. ಆ ಹಣದಲ್ಲಿ ಕೈಗೊಂಡ ದೀರ್ಘ ಪ್ರಯಾಣಗಳಲ್ಲಿ ಕಾರು ಓಡಿಸಿದವರು, ದಿನಚರಿ ಬರೆದಿಟ್ಟವರು, ಅನೇಕ ಚಿತ್ರಗಳಿಗೆ ತಾವೇ ರೂಪದರ್ಶಿಯಾದವರು ಚಾರಿಸ್ ವಿಲ್ಸನ್. 1939ರಲ್ಲಿ ಅವರಿಬ್ಬರು ಮದುವೆಯಾದರು, 1946ರಲ್ಲಿ ವಿಚ್ಛೇದನ ಪಡೆದರು. ಕಾರು ಓಡಿಸಿದವರ ಕೈ ಚಿತ್ರದಲ್ಲಿ ಎಷ್ಟಿದೆ ಎಂದು ಅಳೆಯುವ ತಕ್ಕಡಿ ನನ್ನ ಬಳಿ ಇಲ್ಲ, ಆದರೆ ಆ ಕೈ ಇಲ್ಲದಿದ್ದರೆ ವೆಸ್ಟನ್ ಅಷ್ಟು ದೂರ ಹೋಗುತ್ತಲೇ ಇರಲಿಲ್ಲವೆಂಬುದು ನಿಶ್ಚಯ.

ಇದಕ್ಕೆ ಎದುರಾಗಿ ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿಯನ್ನು ನೋಡು. 1959ರಿಂದ ಒಟ್ಟಿಗೆ ದುಡಿದು 1961ರಲ್ಲಿ ಮದುವೆಯಾದ ಇವರು ಚಿತ್ರಿಸಿದ್ದು ನೀರಿನ ಗೋಪುರಗಳನ್ನು, ಕಬ್ಬಿಣದ ಕುಲುಮೆಗಳನ್ನು, ಮನುಷ್ಯರನ್ನಲ್ಲ. ಆದರೂ ಮೋಡ ಕವಿದ ದಿನದ ನೆರಳಿಲ್ಲದ ಬೆಳಕಿನಲ್ಲಿ, ಎದುರಿಗೆ ನಿಂತು, ಒಂದೊಂದು ಕಟ್ಟಡವನ್ನೂ ಒಬ್ಬ ವ್ಯಕ್ತಿಯೆಂಬಂತೆ ಗೌರವದಿಂದ ತೆಗೆದ ಆ ಚಿತ್ರಗಳನ್ನು ನಾನು ಭಾವಚಿತ್ರಗಳೆಂದೇ ಓದುತ್ತೇನೆ. ಯಾವುದನ್ನು ಯಾರು ತೆಗೆದರೆಂದು ಹೊರಗಿನವರು ಹೇಳಲಾಗದಂತೆ ಎರಡೂ ಹೆಸರುಗಳು ಜೊತೆಯಾಗಿಯೇ ನಿಂತಿವೆ. ನೀವೂ ಮೊದಲ ಪ್ರಿಂಟಿನಿಂದಲೇ ಹಾಗೆ ಮಾಡಿ. ನಿಮ್ಮಲ್ಲಿ ಒಬ್ಬರು ಮಾತ್ರ ಶಟರ್ ಒತ್ತುವವರಾದರೂ ಎರಡು ಹೆಸರು ಇರಲಿ.

ಕೆಲಸದ ಕೋಣೆಗೆ ಬಂದಾಗ ಮಾತ್ರ ಈ ಸಮಾನತೆಯನ್ನು ತುಸು ಪಕ್ಕಕ್ಕಿಡಬೇಕು. ಕುಳಿತವರಿಗೆ ಇಬ್ಬರೂ ಸೂಚನೆ ಕೊಡತೊಡಗಿದರೆ ಅವರ ಕಣ್ಣು ಒಬ್ಬರಿಂದ ಒಬ್ಬರಿಗೆ ಓಡಾಡುತ್ತದೆ, ಕುತ್ತಿಗೆ ಬಿಗಿಯುತ್ತದೆ, ಮುಖದಲ್ಲಿ ಪರೀಕ್ಷೆಗೆ ಕುಳಿತವರ ಕಳೆ ಬರುತ್ತದೆ. ಅಂದಂದಿನ ಬೈಠಕ್ಕಿಗೆ ಮಾತನಾಡುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಮತ್ತೊಬ್ಬರು ಬೆಳಕು ಹಾಯಿಸುವ ಹಲಗೆಯನ್ನು (ರಿಫ್ಲೆಕ್ಟರ್) ಹಿಡಿದು ಪಕ್ಕದಲ್ಲಿ ನಿಲ್ಲಲಿ, ಮುಖಕ್ಕಿಂತ ಕೈಗಳನ್ನು ಗಮನಿಸಲಿ. ಮುಖವನ್ನು ಹದ್ದುಬಸ್ತಿನಲ್ಲಿಟ್ಟುಕೊಳ್ಳುವವರು ಕೂಡ ಬೆರಳುಗಳನ್ನು ಮರೆತಿರುತ್ತಾರೆ, ಮತ್ತು ಕ್ಯಾಮೆರಾದ ಹಿಂದಿರುವವರಿಗೆ ಅದು ಕಾಣುವುದಿಲ್ಲ. ನಾನು ಗಂಟಲು ಸರಿಮಾಡಿಕೊಂಡರೆ 'ಕೈ ನೋಡಿ' ಎಂದು ಅರ್ಥ. ಇಡೀ ವೃತ್ತಿಯಲ್ಲಿ ನಮಗೆ ಆ ಒಂದು ಸಂಕೇತ ಸಾಕಾಯಿತು. (ನನಗೆ ನಿಜವಾಗಿಯೂ ನೆಗಡಿಯಾದ ದಿನಗಳ ಪಾಡನ್ನು ಕೇಳಬೇಡ.)

ಅವಸರವಂತೂ ಬೇಡ. 48ನೆಯ ವಯಸ್ಸಿನಲ್ಲಿ ಮೊದಲ ಕ್ಯಾಮೆರಾ ಪಡೆದ ಬ್ರಿಟಿಷ್ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರ ಕಾಲದಲ್ಲಿ, ಅಂದರೆ 1860ರ ದಶಕದಲ್ಲಿ, ಗಾಜಿನ ಫಲಕದ ಮೇಲೆ ಚಿತ್ರ ಮೂಡಲು ಕುಳಿತವರು ಕೆಲವು ನಿಮಿಷಗಳ ಕಾಲ ಅಲುಗಾಡದೆ ಇರಬೇಕಾಗುತ್ತಿತ್ತು. ಈಗ ಸೆಕೆಂಡಿನ 125ನೆಯ ಒಂದು ಭಾಗ ಸಾಕು. ಆದರೆ ಮನುಷ್ಯನ ಮುಖ ತನ್ನ ಸಿದ್ಧಪಡಿಸಿಕೊಂಡ ನಗೆಯನ್ನು ಕಳಚಿ ವಿಶ್ರಾಂತಿಗೆ ಬರಲು ಇಂದಿಗೂ ಅಷ್ಟೇ ನಿಮಿಷಗಳು ಹಿಡಿಯುತ್ತವೆ.

ಒಬ್ಬರ ಚಿತ್ರವನ್ನು ಇನ್ನೊಬ್ಬರು ತೆಗೆಯುವ ಆಸೆ ನಿಮಗೂ ಬರುತ್ತದೆ. ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1917ರಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಚಿತ್ರಕಲಾವಿದೆ ಜಾರ್ಜಿಯಾ ಓ'ಕೀಫ್ ಅವರ 300ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಅವರು ಮದುವೆಯಾದದ್ದು 1924ರಲ್ಲಿ. ಕೆಲವು ಚಿತ್ರಗಳಲ್ಲಿ ಬರೀ ಕೈಗಳಿವೆ, ಕೆಲವದರಲ್ಲಿ ಕುತ್ತಿಗೆ ಮಾತ್ರ. ಒಬ್ಬ ವ್ಯಕ್ತಿಯ ಭಾವಚಿತ್ರ ಒಂದೇ ಪ್ರಿಂಟಿನಲ್ಲಿ ಮುಗಿಯಬೇಕಿಲ್ಲವೆಂಬುದನ್ನು ನಾನು ಕಲಿತದ್ದು ಅಲ್ಲಿಂದಲೇ. ಆದರೆ ಗಂಡಹೆಂಡಿರೆಂಬ ಸಲುಗೆಯನ್ನು ಒಪ್ಪಿಗೆಯೆಂದು ಭಾವಿಸಬೇಡಿ. ಹೊರಗಿನವರಿಂದ ಸಹಿ ಮಾಡಿಸಿಕೊಳ್ಳುವಂತೆಯೇ, ಯಾವ ಚಿತ್ರ ಗೋಡೆಯ ಮೇಲೆ ಹೋಗಬಹುದು, ಯಾವುದು ಪೆಟ್ಟಿಗೆಯಲ್ಲೇ ಉಳಿಯಬೇಕು ಎಂಬುದನ್ನು ಪ್ರತಿ ಸಲವೂ ಚಿತ್ರದಲ್ಲಿರುವವರನ್ನು ಕೇಳಿ.

ನಮ್ಮ ಜಗಳಗಳೆಲ್ಲ ಚಿತ್ರ ಆರಿಸುವಾಗಲೇ ಆಗುತ್ತಿದ್ದವು. ತೆಗೆದ ದಿನವೇ ಆರಿಸಲು ಕುಳಿತರೆ, ಆ ಚಿತ್ರಕ್ಕೆ ಪಟ್ಟ ಪಾಡು ನೆನಪಿರುತ್ತದೆಯೇ ಹೊರತು ಚಿತ್ರ ಕಾಣುವುದಿಲ್ಲ. ಚಿಕ್ಕ ಪ್ರಿಂಟ್‌ಗಳನ್ನು ಗೋಡೆಗೆ ಅಂಟಿಸಿ, ಒಂದು ವಾರ ಬಿಟ್ಟು, ಇಬ್ಬರೂ ಬೇರೆಬೇರೆಯಾಗಿ ಗುರುತು ಹಾಕಿ. ಇಬ್ಬರ ಗುರುತೂ ಬಿದ್ದದ್ದು ಉಳಿಯಲಿ. ಅದರ ಮೇಲೆ ಪ್ರತಿಯೊಂದು ಸರಣಿಯಲ್ಲೂ ತಲಾ ಒಂದು ಹಠದ ಚಿತ್ರಕ್ಕೆ ಅವಕಾಶವಿರಲಿ, ಅದನ್ನು ಮತ್ತೊಬ್ಬರು ಪ್ರಶ್ನಿಸಬಾರದು. ನಿನ್ನ ಚಿಕ್ಕಪ್ಪನ ಹಠದ ಚಿತ್ರಗಳಲ್ಲಿ ಮೂರು ನಾಲ್ಕು ಇಂದಿಗೂ ನನಗೆ ಹಿಡಿಸುವುದಿಲ್ಲ. ಅವುಗಳಲ್ಲಿ ಎರಡು ಎಲ್ಲಕ್ಕಿಂತ ಮೊದಲು ಮಾರಾಟವಾದವು.

ಹಣದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಲಾಕೃತಿಯಾಗಿ ಮಾರುವ ಚಿತ್ರಗಳಿಂದ ತಿಂಗಳು ತಿಂಗಳು ವರಮಾನ ಬರುವುದಿಲ್ಲವಾದ್ದರಿಂದ, ಹೇಳಿ ತೆಗೆಸಿಕೊಳ್ಳುವವರ ಭಾವಚಿತ್ರಗಳನ್ನು ಕೀಳೆಂದು ಬಿಡಬೇಡಿ, ಮೊದಲ ಕೆಲವು ವರ್ಷ ಒಬ್ಬರ ಕೆಲಸವನ್ನಾದರೂ ಉಳಿಸಿಕೊಳ್ಳಿ. ಒಂದು ಚಿತ್ರದ ಹತ್ತೇ ಪ್ರಿಂಟ್ ಎಂದು ಘೋಷಿಸಿದರೆ ಹನ್ನೊಂದನೆಯದನ್ನು ಯಾರು ಬೇಡಿದರೂ ತೆಗೆಯಕೂಡದು. ಯಾವ ಸಂಖ್ಯೆಯ ಪ್ರತಿ ಯಾರ ಬಳಿ ಹೋಯಿತೆಂಬ ಲೆಕ್ಕದ ಪುಸ್ತಕ ಮೊದಲ ದಿನದಿಂದಲೇ ಇರಲಿ. ಪ್ರಿಂಟ್ ಬಹುಕಾಲ ಕೆಡದೆ ಉಳಿಯಲು ಬೇಕಾದ ಹತ್ತಿಯ ಕಾಗದ, ಪಿಗ್ಮೆಂಟ್ ಶಾಯಿ, ಆಮ್ಲರಹಿತ ರಟ್ಟು, ಈ ಮೂರರಲ್ಲಿ ಜಿಪುಣತನ ಸಲ್ಲದು. ಅದೇ ಪುಸ್ತಕದ ಮೊದಲ ಪುಟದಲ್ಲಿ, ನೀವಿಬ್ಬರೂ ಮುಂದೆಂದಾದರೂ ಒಟ್ಟಿಗೆ ಕೆಲಸ ಮಾಡದಿದ್ದರೆ ನೆಗೆಟಿವ್‌ಗಳೂ ಹಾರ್ಡ್ ಡಿಸ್ಕ್‌ಗಳೂ ಯಾರ ವಶದಲ್ಲಿರಬೇಕು, ಹೊಸ ಪ್ರಿಂಟ್ ತೆಗೆಯಲು ಯಾರ ಒಪ್ಪಿಗೆ ಬೇಕು ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಿ. ಇದನ್ನು ಅಪಶಕುನವೆಂದು ತಿಳಿಯಬೇಡ. ವೆಸ್ಟನ್ ಮತ್ತು ಚಾರಿಸ್ ಅವರ ಮಾತನ್ನು ಮೇಲೆ ಎತ್ತಿದ್ದು ಇದಕ್ಕಾಗಿಯೂ ಹೌದು.

ಇನ್ನು ಕ್ಯಾಮೆರಾ. ಈಗ ನಿಮ್ಮಲ್ಲಿರುವುದೇ ಸಾಕು. 85 ಮಿಲಿಮೀಟರಿನ ಒಂದು ಲೆನ್ಸ್ ಕೊಂಡು, ಕುಳಿತವರಿಂದ ಒಂದೂವರೆ ಮೀಟರಿಗಿಂತ ಹತ್ತಿರ ಹೋಗದೆ ಅಭ್ಯಾಸ ಮಾಡಿ. ಮೂಗು ದಪ್ಪವಾಗಿ ಕಾಣುವುದು ಸಮೀಪ ನಿಂತದ್ದರ ದೋಷ, ಲೆನ್ಸಿನದಲ್ಲ. ಉಳಿದ ಹಣವನ್ನು ಒಳ್ಳೆಯ ಪ್ರಿಂಟರಿಗೆ ಹಾಕಿ.

ಮುಂದಿನ ತಿಂಗಳು ಹನ್ನೆರಡು ಚಿಕ್ಕ ಪ್ರಿಂಟ್‌ಗಳನ್ನು ನನಗೆ ಕಳುಹಿಸು, ಯಾವುದನ್ನು ಯಾರು ತೆಗೆದದ್ದೆಂದು ಬರೆಯಬೇಡ. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ ಶ್ರೇಯಸ್ಸನ್ನು ಬಯಸುವ,
ಚಿಕ್ಕಮ್ಮ