ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ

ಮಾನ್ಯ ಸಂಪಾದಕರೇ,

ಕಷ್ಟದಲ್ಲಿರುವವರಿಗೆ ‘ತಾಳ್ಮೆ ತಂದುಕೊಳ್ಳಿ, ದೇವರು ನೋಡಿಕೊಳ್ಳುತ್ತಾನೆ’ ಎಂದು ಹೇಳಿ ಎದ್ದುಹೋಗುವವರು ಬಹಳ. ಆ ತಾಳ್ಮೆಯನ್ನು ದಿನವೂ ರೂಢಿಸಿಕೊಳ್ಳುವ ಬಗೆ ಹೇಳುವವರು ಕಡಿಮೆ. ಅದಕ್ಕಾಗಿ ಈ ಪತ್ರ.

ಬೈಬಲಿನ ಯೋಸೇಫನನ್ನೇ ನೋಡಿ. 17ರ ಹರೆಯದಲ್ಲಿ ಅಣ್ಣಂದಿರ ಹಗೆಗೆ ಗುರಿಯಾದವನು ಈಜಿಪ್ಟಿನ ಅರಸ ಫರೋಹನ ಎದುರು ನಿಂತಾಗ ಅವನಿಗೆ 30. ಅದಕ್ಕೂ ಮೊದಲು ಸೆರೆಯಲ್ಲಿದ್ದಾಗ, ಅಲ್ಲಿಂದ ಬಿಡುಗಡೆಯಾಗಿ ಹೊರಡಲಿದ್ದ ಪಾನದಾಯಕನಿಗೆ (ಅರಸನಿಗೆ ಪಾನೀಯ ಕೊಡುವ ಸೇವಕ) ತನ್ನ ವಿಷಯವನ್ನು ಅರಸನ ಕಿವಿಗೆ ಹಾಕೆಂದು ಅವನು ಕೇಳಿಕೊಂಡಿದ್ದ. ಆತ ಮರೆತೇಬಿಟ್ಟ, ಮತ್ತೆ 2 ವರ್ಷ ಉರುಳಿತು. ಹಾಗೆ ಕೇಳಿಕೊಂಡದ್ದರಿಂದ ಯೋಸೇಫನ ನಂಬಿಕೆಗೇನೂ ಕುಂದು ಬರಲಿಲ್ಲ. ದೇವರಿಗೆ ಬಿಡಬೇಕಾದದ್ದು ಫಲವನ್ನು. ಔಷಧಿ, ಅರ್ಜಿ, ಸಾಲ ಕೊಟ್ಟವರೊಂದಿಗಿನ ಮಾತುಕತೆ ಇವುಗಳನ್ನಲ್ಲ.

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಈ ವಾರ ಕೈಲಾಗುವುದನ್ನು ಬರೆಯಿರಿ: ಯಾರಿಗೆ ಫೋನ್ ಮಾಡಬೇಕು, ಯಾವ ಕಾಗದ ಕೊಡಬೇಕು. ಬಲಕ್ಕೆ ಕೈಮೀರಿದ್ದು: ತಪಾಸಣೆಯ ವರದಿ ಏನೆಂದು ಬರುವುದು, ಮುನಿದವರ ಮನಸ್ಸು ಕರಗುವುದು. ಪ್ರಾರ್ಥನೆಗೆ ಕೂತಾಗ ಬಲಗಡೆಯದನ್ನು ಒಂದೊಂದಾಗಿ ಹೇಳಿ ದೇವರಿಗೊಪ್ಪಿಸಿ. ಎದ್ದ ಕೂಡಲೇ ಎಡಗಡೆಯ ಒಂದು ಕೆಲಸ ಮುಗಿಸಿ. 10 ನಿಮಿಷ ಸಾಕು, ಆದರೆ ದಿನವೂ ಅದೇ ಹೊತ್ತಿಗೆ. ವಾರಕ್ಕೊಮ್ಮೆ ಹಾಳೆಯನ್ನು ಹೊಸದಾಗಿ ಬರೆಯಿರಿ. ನಿನ್ನೆಯವರೆಗೆ ಕೈಮೀರಿದ್ದು ಎನಿಸಿದ್ದರಲ್ಲಿ ಕೆಲವು ಎಡಕ್ಕೆ ಬಂದಿರಬಹುದು.

ಹೆಚ್ಚಿನವರು ಎಡವುವುದು ದೇವರಿಗೆ ಗಡುವು ಹಾಕುವಲ್ಲಿ. ‘ಈ ತಿಂಗಳೊಳಗೆ ದಾರಿ ಕಾಣದಿದ್ದರೆ ದೇವರೇ ಇಲ್ಲ’ ಎಂದುಕೊಂಡವರಿಗೆ ತಿಂಗಳ ಕೊನೆಯಲ್ಲಿ ಕಷ್ಟವೂ ಉಳಿಯುತ್ತದೆ, ನಂಬಿಕೆಯೂ ಕುಸಿಯುತ್ತದೆ. ಇನ್ನು ಕೆಲವರು ಅಳುವುದೇ ಅಪರಾಧವೆಂದು ದುಃಖ ನುಂಗಿಕೊಳ್ಳುತ್ತಾರೆ. ಇದು ಇನ್ನೂ ಅಪಾಯ. ಬೈಬಲಿನ 13ನೇ ಕೀರ್ತನೆಯ ಮೊದಲೆರಡು ವಚನಗಳಲ್ಲೇ ‘ಇನ್ನೆಷ್ಟು ಕಾಲ’ ಎಂಬ ಮೊರೆ 4 ಸಲ ಬರುತ್ತದೆ. 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಅವೂ ಪ್ರಾರ್ಥನೆಗಳೇ. ದೇವರ ಮುಂದೆ ಸಿಟ್ಟು ತೋಡಿಕೊಳ್ಳುವವನು ದೇವರನ್ನು ಬಿಟ್ಟವನಲ್ಲ.

ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಮನೆ ಮಾರುವ, ಕೆಲಸ ಬಿಡುವ, ಸಂಬಂಧ ಕಡಿದುಕೊಳ್ಳುವ ತೀರ್ಮಾನ ಬೇಡವೇ ಬೇಡ. ದಣಿದ ಮನಸ್ಸಿಗೆ ಎಲ್ಲ ಬಾಗಿಲೂ ಮುಚ್ಚಿದಂತೆಯೇ ಕಾಣುತ್ತದೆ. ಬೆಳಿಗ್ಗೆ ನಂಬುಗೆಯ ಒಬ್ಬರೊಡನೆ ಮಾತಾಡಿ ನಿರ್ಧರಿಸಿ. ನಿದ್ದೆ, ಹಸಿವು, ಉತ್ಸಾಹ ಎರಡು ವಾರ ಕಳೆದರೂ ಮರಳದಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರಂತೂ ಅಂದೇ. ‘ನಂಬಿಕೆಯಿದ್ದರೆ ಮಾತ್ರೆ ಬಿಡಿ’ ಎನ್ನುವವರ, ಹಣ ಪಡೆದು ಪವಾಡದ ಭರವಸೆ ಕೊಡುವವರ ಹತ್ತಿರ ಸುಳಿಯಬೇಡಿ.

ಕಷ್ಟದಲ್ಲಿರುವವರನ್ನು ನೋಡಲು ಹೋಗುವವರಲ್ಲೂ ಒಂದು ವಿನಂತಿ. ‘ಎಲ್ಲ ಒಳ್ಳೆಯದಕ್ಕೇ’, ‘ದೇವರ ಪರೀಕ್ಷೆ’ ಎಂಬ ಮಾತುಗಳನ್ನು ದಯವಿಟ್ಟು ಆಡಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ಜೊತೆಗೆ ಕುಳಿತಿರಿ. ಆಸ್ಪತ್ರೆಗೆ ಮತ್ತೆ ಯಾವತ್ತು ಹೋಗಬೇಕೆಂದು ಕೇಳಿಕೊಂಡು, ಆ ದಿನ ಅವರ ಜೊತೆ ಹೋಗಿ.

– ಪ್ರಾರ್ಥನಾ ಬಳಗವೊಂದರ ಸದಸ್ಯರು